ಪರ್ಫೆಕ್ಷನಿಸಂ ಅಳೆಯುವಾಗ ಊಟ, ತೂಕ ಪಕ್ಕಕ್ಕಿಡಿ

ಅನೊರೆಕ್ಸಿಯಾ (ದಪ್ಪಗಾಗುವ ಹೆದರಿಕೆಗೆ ಊಟ ಬಿಡುವುದು), ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವಂಥದ್ದು) ಎಂಬ ಊಟದ ಕಾಯಿಲೆ ಇರುವವರಲ್ಲಿ ಪರ್ಫೆಕ್ಷನಿಸಂ, ಅಂದರೆ ಎಲ್ಲ ಪರಿಪೂರ್ಣವಾಗಲೇಬೇಕೆಂಬ ಹಟ, ಅಳೆಯಲು ಹೊರಟವರು ಎಡವುವುದು ಮೊದಲ ಪ್ರಶ್ನೆಯಲ್ಲೇ. "ಗುರಿ ಮುಟ್ಟೋಕೆ ಎಷ್ಟು ಒದ್ದಾಡ್ತೀಯಮ್ಮ?" ಅಂತ ಕೇಳಿದರೆ, ತುಮಕೂರಿನ ಹಾಸ್ಟೆಲಿನಲ್ಲಿ ಅರ್ಧ ಮುದ್ದೆಗೇ ಕೈತೊಳೆಯುವ ಪಿಯು ಹುಡುಗಿಗೆ ಗುರಿ ಎಂದರೆ ತೂಕವೇ. ಆಗ ಬರುವ ಅಂಕ ಊಟದ ಕಾಯಿಲೆಯದ್ದು, ಪರ್ಫೆಕ್ಷನಿಸಂನದ್ದಲ್ಲ.

2002ರಲ್ಲಿ ಶಫ್ರಾನ್, ಕೂಪರ್, ಫೇರ್‌ಬರ್ನ್ ಎಂಬ ಸಂಶೋಧಕರು ಹೇಳಿದ ಕ್ಲಿನಿಕಲ್ ಪರ್ಫೆಕ್ಷನಿಸಂ ಬರೀ ಅಚ್ಚುಕಟ್ಟುತನ ಅಲ್ಲ. ತಾನೇ ಹಾಕಿಕೊಂಡ ಕಠಿಣ ಮಟ್ಟ ಮುಟ್ಟಿದರಷ್ಟೇ ತನಗೆ ಬೆಲೆ ಅಂದುಕೊಳ್ಳುವುದು, ಅದರಿಂದ ಹಾನಿಯಾದರೂ ಬಿಡದಿರುವುದು. ಇದನ್ನು ಅಳೆಯುವ ಸಿಪಿಕ್ಯೂ (ಕ್ಲಿನಿಕಲ್ ಪರ್ಫೆಕ್ಷನಿಸಂ ಕ್ವೆಶ್ಚನೇರ್) ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳಿವೆ. ಕಳೆದ 28 ದಿನ ನೆನೆದು 1ರಿಂದ 4ರವರೆಗೆ ಗುರುತು ಹಾಕಬೇಕು, ಮೊತ್ತ 12ರಿಂದ 48. ಊಟ, ತೂಕ, ರೂಪ ಬಿಟ್ಟು ಬೇರೆ ಯಾವ ವಿಷಯದಲ್ಲಿ ಹೀಗಾಗುತ್ತದೆ ಎಂದು ಶುರುವಿನಲ್ಲೇ ಕೇಳುತ್ತದೆ. ಓದು, ಕೆಲಸ, ಆಟ, ಮನೆ ಒಪ್ಪ, ಯಾವುದೂ ಆಗಬಹುದು. ಅವಸರದಲ್ಲಿ ಜನ ಹಾರಿಸುವುದು ಈ ಭಾಗವನ್ನೇ.

2 ಮತ್ತು 8ನೇ ಪ್ರಶ್ನೆಗಳು ಉಲ್ಟಾ: ಇಲ್ಲಿ ಹೆಚ್ಚು ಅಂಕ ಎಂದರೆ ಪರ್ಫೆಕ್ಷನಿಸಂ ಕಡಿಮೆ. ಸಾಧಿಸಿದ್ದರ ಕಡೆ ಗಮನ ಕೊಟ್ಟೆಯಾ, ಸಾಕಷ್ಟೇ ಮಾಡಿ ಸುಮ್ಮನಾದೆಯಾ ಅಂತ ಅವು ಕೇಳುತ್ತವೆ. ಉತ್ತರವನ್ನು 5ರಿಂದ ಕಳೆದು ಬರೆಯಬೇಕು. ಮರೆತರೆ, ಎರಡಕ್ಕೂ 1 ಹಾಕಿದವರ ಮೊತ್ತದಲ್ಲಿ 6 ಅಂಕ ಖೋತಾ.

ಮೊತ್ತವನ್ನಷ್ಟೇ ನೋಡಿದರೂ ಮೋಸ ಹೋಗುತ್ತೀರಿ. ಇಬ್ಬರಿಗೂ 34 ಬಂದಿರಬಹುದು. ಒಬ್ಬಳು ಗುರಿಯ ಹಿಂದೆ ಓಡುತ್ತಿದ್ದಾಳೆ, ಇನ್ನೊಬ್ಬಳು ಸೋಲುವ ಹೆದರಿಕೆಗೆ ಟೆಸ್ಟಿಗೇ ಕೂರುತ್ತಿಲ್ಲ. ಎರಡನೆಯವಳನ್ನು ಮೇಷ್ಟ್ರು ಸೋಮಾರಿ ಅಂದಿರುತ್ತಾರೆ! ಅದಕ್ಕೇ ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಬೇಕು.

ಪರ್ಫೆಕ್ಷನಿಸಂ ಅಳೆಯುವ ಇನ್ನೊಂದು ಪ್ರಶ್ನಾವಳಿ, 1990ರ ಫ್ರಾಸ್ಟ್ ಮಾಪನದ 35 ಪ್ರಶ್ನೆಗಳಲ್ಲಿ 6 ಅಚ್ಚುಕಟ್ಟಿನವು. ಅವನ್ನು ಮೊತ್ತಕ್ಕೆ ಸೇರಿಸುವುದಿಲ್ಲ. ನಮಗೆ ಹೆಚ್ಚು ಬೇಕಾದ್ದು ತಪ್ಪಾದೀತೆಂಬ ಕಳವಳದ 9 ಪ್ರಶ್ನೆಗಳು. ಇಡಿಐ ಎಂಬ ಊಟದ ಕಾಯಿಲೆಯ ಮಾಪನದಲ್ಲೂ ಪರ್ಫೆಕ್ಷನಿಸಂಗೆ 6 ಪ್ರಶ್ನೆಗಳಿವೆ, ಆದರೆ ಅಲ್ಲಿ ಮನೆಯವರ ನಿರೀಕ್ಷೆ, ತನ್ನದೇ ಹಟ ಎರಡೂ ಕಲಸಿಹೋಗಿವೆ. ನೀಟ್, ಸಿಇಟಿ ಕೋಚಿಂಗಿಗೆ ಸೇರಿದ ಯಾವ ಮಗುವಿಗೆ ಮನೆಯ ನಿರೀಕ್ಷೆ ಕಡಿಮೆ ಇದೆ ಹೇಳಿ? ನಮ್ಮ ಕಡೆ ಅದೊಂದನ್ನೇ ನೆಚ್ಚಬಾರದು.

ಅಮ್ಮ ಪಕ್ಕದಲ್ಲಿ ಕೂತಿರುವಾಗ ಫಾರಂ ಕೊಡಬೇಡಿ. ಕೋಲಾರದ ಕಡೆ ಮನೆಮಾತು ತೆಲುಗು ಆಗಿದ್ದರೆ ಯಾವ ಭಾಷೆಯಲ್ಲಿ ಕೇಳಲಿ ಅಂತ ಮೊದಲೇ ವಿಚಾರಿಸಿ. ಫಾರಂ ತುಂಬುವ ರೀತಿಯನ್ನೂ ಗಮನಿಸಿ: 2ಕ್ಕೋ 3ಕ್ಕೋ ಎಂದು ಒದ್ದಾಡಿ, ಅಳಿಸಿ ಬರೆದು, ಹಾಳೆ ತೂತಾಗುವುದೂ ಒಂದು ಮಾಹಿತಿಯೇ. ತಲೆಸುತ್ತಿ ಬೀಳುತ್ತಿದ್ದರೆ, ಪದೇಪದೇ ವಾಂತಿ ಮಾಡಿಕೊಳ್ಳುತ್ತಿದ್ದರೆ ಫಾರಂ ಆಮೇಲೆ. ಮೊದಲು ಆಸ್ಪತ್ರೆ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂಬ ಪರೀಕ್ಷೆ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಹೊಟ್ಟೆಗಿಲ್ಲದ ಮೆದುಳು ತಾನಾಗಿಯೇ ಹಟ ಹಿಡಿಯುತ್ತದೆ. ಹಾಗಾಗಿ ತೂಕ ತೀರಾ ಇಳಿದಾಗ ಬಂದ ಅಂಕವನ್ನು ಸ್ವಭಾವ ಅಂತ ಬರೆದಿಡಬೇಡಿ, ಊಟ ಸರಿಹೋದ ಮೇಲೆ ಇನ್ನೊಮ್ಮೆ ನೋಡಿ. ಸಿಪಿಕ್ಯೂ 28 ದಿನಗಳ ಲೆಕ್ಕ ಕೇಳುವುದರಿಂದ ವಾರವಾರ ಕೊಟ್ಟರೆ ಮೂರು ವಾರದ್ದು ಹಳೆಯದೇ ಬರುತ್ತದೆ. ನಡುವೆ ತಿಂಗಳಾದರೂ ಇರಲಿ. ದ್ವಿತೀಯ ಪಿಯು ಪರೀಕ್ಷೆಗೆ ಮುಂಚಿನ ತಿಂಗಳ ಅಂಕವನ್ನು ಬೇಸಿಗೆ ರಜೆಯದ್ದರ ಜೊತೆ ಹೋಲಿಸಿ "ಚಿಕಿತ್ಸೆ ಹತ್ತಿತು" ಅನ್ನಲೂಬೇಡಿ.