ಪಂಚಮಿಯ ಜೋಕಾಲಿಗೆ ಮರ ಬೇಕು

ಶ್ರಾವಣ ಕಾಲಿಟ್ಟಿತೆಂದರೆ ಧಾರವಾಡ, ಗದಗ ಜಿಲ್ಲೆಗಳ ಎರೆ ಸೀಮೆಯಲ್ಲಿ ಹೊಲದ ಕೆಲಸಕ್ಕೆ ಒಂದಿಷ್ಟು ಬಿಡುವು ಸಿಗುತ್ತದೆ. ಮುಂಗಾರಿಯ ಹೆಸರು, ಶೇಂಗಾ, ಗೋವಿನಜೋಳಗಳ ಬಿತ್ತನೆ ಮುಗಿದು, ಎಡೆ ಹೊಡೆದು ಕಳೆ ತೆಗೆದಾಗಿರುತ್ತದೆ. ಜಿಟಿಜಿಟಿ ಮಳೆ ಹಿಡಿದುಕೊಂಡರಂತೂ ಎರೆ ಮಣ್ಣು ಹೆಜ್ಜೆ ಹೆಜ್ಜೆಗೂ ಕಾಲಿಗೆ ಮೆತ್ತಿಕೊಳ್ಳುವುದರಿಂದ ಹೊಲಕ್ಕೆ ಇಳಿಯುವ ಮಾತೇ ಇರುವುದಿಲ್ಲ. ನಾಗರ ಪಂಚಮಿ ಬರುವುದು ಸರಿಯಾಗಿ ಈ ಹೊತ್ತಿಗೆ. ಹುತ್ತಕ್ಕೋ ಮಣ್ಣಿನ ನಾಗಪ್ಪನಿಗೋ ಹಾಲೆರೆಯುವುದು ಈ ಹಬ್ಬದ ಪೂಜೆಯ ಭಾಗವಾದರೆ, ಅದರ ಮುಂದೆ ಹಿಂದೆ ನಡೆಯುವ ಆಟಗಳು ಅಷ್ಟೇ ದೊಡ್ಡ ಇನ್ನೊಂದು ಭಾಗ. ಪತ್ರಿಕೆಗಳ ಹಬ್ಬದ ಲೇಖನಗಳಲ್ಲಿ ಪೂಜೆಯ ಬಗ್ಗೆ, ಉಂಡಿಗಳ ಬಗ್ಗೆ ಓದಲು ಸಾಕಷ್ಟು ಸಿಗುತ್ತದೆ. ಆದರೆ ಈ ಆಟಗಳು ನಮ್ಮ ಹಳ್ಳಿಗಳ ದೇಹಬಲವನ್ನು ಹೇಗೆ ಕಾಪಾಡಿಕೊಂಡು ಬಂದವು, ಅವು ಯಾವ ಜಾಗವನ್ನು ನೆಚ್ಚಿಕೊಂಡಿದ್ದವು ಎಂಬುದನ್ನು ಬರೆದವರು ಕಡಿಮೆ.

ಮೊದಲು ಜೋಕಾಲಿಯ ಮಾತು. ಇದು ಮನೆಯ ಪಡಸಾಲೆಯಲ್ಲಿ ಕುಳಿತು ತೂಗುವ ಜೋಕಾಲಿಯಲ್ಲ. ಊರ ಹೊರಗಿನ ಹುಣಸೆ ಇಲ್ಲವೇ ಬೇವಿನ ಮರದಲ್ಲಿ ನೆಲಕ್ಕೆ ಅಡ್ಡವಾಗಿ ಚಾಚಿದ ದಪ್ಪ ಟೊಂಗೆಯನ್ನು ಹುಡುಕಿ, ಹಗ್ಗ ಸವೆಯದಂತೆ ಗೋಣಿ ತಟ್ಟು ಸುತ್ತಿ ಕಟ್ಟುವ ಎತ್ತರದ ಜೋಕಾಲಿ. ನೈಲಾನ್ ಬರುವ ಮೊದಲು ಈ ಹಗ್ಗವನ್ನು ಪುಂಡಿಯ ನಾರಿನಿಂದ ಹೊಸೆಯುತ್ತಿದ್ದರು. ಎಳೆಯ ಸೊಪ್ಪು ಪಲ್ಯಕ್ಕಾದರೆ, ಬಲಿತ ದಂಟನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸಿಕೊಳ್ಳುವುದು ಎಲ್ಲ ರೈತರಿಗೂ ಗೊತ್ತಿದ್ದ ಕೆಲಸ. ಕಟ್ಟಿದ ಮೇಲೆ ಗಂಡಾಳುಗಳು ಜೋತುಬಿದ್ದು ಜಗ್ಗಿ ನೋಡಿ, ಗಟ್ಟಿಯಾಗಿದೆ ಎಂದು ಹೇಳಿದ ನಂತರವೇ ಹೆಣ್ಣುಮಕ್ಕಳು ಹತ್ತುತ್ತಿದ್ದರು.

ಜೋಡಿ ಜೋಕಾಲಿಯಲ್ಲಿ ಇಬ್ಬರು ಎದುರು ಬದುರಾಗಿ ಒಂದೇ ಮಣೆಯ ಮೇಲೆ ನಿಲ್ಲುತ್ತಾರೆ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಹಗ್ಗವನ್ನು ಎದೆಯ ಮಟ್ಟದಲ್ಲಿ ಹಿಡಿದು, ಹಿಂದಕ್ಕೆ ಹೋದವಳು ತುದಿ ಮುಟ್ಟುವಾಗ ಮೊಣಕಾಲು ಮಡಚಿ ಕುಕ್ಕರಿಸಬೇಕು. ಜೋಕಾಲಿ ಕೆಳಗಿಳಿದು ತಳ ದಾಟುವ ಕ್ಷಣಕ್ಕೆ ಮಣೆಯನ್ನು ಪಾದದಿಂದ ಒತ್ತಿ ನೆಟ್ಟಗೆ ಎದ್ದು ನಿಲ್ಲಬೇಕು. ಮರಳಿ ಬರುವಾಗ ಇದೇ ಕೆಲಸ ಎದುರಿನವಳದು. ಜೀಕುವುದೆಂದರೆ ಇಷ್ಟೇ, ಆದರೆ ಹೊತ್ತು ತಪ್ಪಿದರೆ ವೇಗ ಏರುವ ಬದಲು ಇಳಿಯುತ್ತದೆ. ತೊಡೆ, ಬೆನ್ನು, ಹೊಟ್ಟೆ, ಮುಂಗೈ ಎಲ್ಲವೂ ಒಟ್ಟಿಗೆ ದುಡಿಯುವ ಈ ಆಟದಲ್ಲಿ ಎತ್ತರದ ಎಲೆಯೊಂದನ್ನು ಹರಿದುಕೊಂಡು ಬರುವ ತನಕ ಜೀಕುವವರಿದ್ದರು. ಸ್ವಲ್ಪ ಹೊತ್ತಿಗೇ ಉಸಿರು ಏರಿ, ಇಳಿದ ಮೇಲೆ ಕಾಲು ನಡುಗುತ್ತವೆ. ಆದರೂ ಕೆಳಗೆ ಸಾಲು ನಿಂತವರು, "ಇನ್ನೊಂದ ಜೀಕ ಹಾಕ್ರಿ, ಅಕ್ಕಾರ" ಎಂದು ಹುರಿದುಂಬಿಸುವುದನ್ನು ಬಿಡುವುದಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹಳ್ಳಿಯ ಹೆಣ್ಣುಮಕ್ಕಳ ದೇಹ ವರ್ಷವಿಡೀ ದಣಿಯುತ್ತದೆ, ಆದರೆ ಆ ದಣಿವೆಲ್ಲ ದುಡಿಮೆಯದು. ಆಟಕ್ಕಾಗಿ, ತಮ್ಮ ಸಂತೋಷಕ್ಕಾಗಿ, ಊರಿನ ಬಯಲಲ್ಲಿ, ಎಲ್ಲರ ಕಣ್ಣೆದುರು ಜೋರಾಗಿ ಮೈ ದಂಡಿಸಲು ಅವರಿಗೆ ಸಿಗುತ್ತಿದ್ದ ಅವಕಾಶಗಳು ಬೆರಳೆಣಿಕೆಯವು. ಅವುಗಳಲ್ಲಿ ಪಂಚಮಿಯದೇ ಹಿರಿದು. ಅಣ್ಣತಮ್ಮಂದಿರು ಹೋಗಿ ಕರೆತಂದ ಹೆಣ್ಣುಮಕ್ಕಳು ತವರಿನಲ್ಲಿ ಗೆಳತಿಯರೊಡನೆ ಜೀಕುತ್ತಾರೆ, ಕೈಗೆ ಕೈ ಬೆಸೆದು ಗರಗರನೆ ತಿರುಗುತ್ತಾ ಫುಗಡಿ ಆಡುತ್ತಾರೆ. ಗಂಡನ ಮನೆಯ ಊರಿನಲ್ಲಿ ಸೊಸೆಯಾಗಿ ತಲೆಯ ಮೇಲಿನ ಸೆರಗು ಜಾರದಂತೆ ನಡೆಯಬೇಕಾದವಳಿಗೆ ಈ ನಾಲ್ಕು ದಿನದ ಸ್ವಾತಂತ್ರ್ಯ ಎಷ್ಟು ದೊಡ್ಡದೆಂಬುದನ್ನು ನಮ್ಮ ಮನೆಗಳ ಹಿರಿಯ ಹೆಂಗಸರು ಇಂದಿಗೂ ಮುಖ ಅರಳಿಸಿಕೊಂಡು ಹೇಳುತ್ತಾರೆ.

ಗಂಡಸರ ಆಟಗಳಿಗೆ ಪಂತದ ಖಾರ ಹೆಚ್ಚು. ನಿಂಬೆಹಣ್ಣು ಎಸೆಯುವ ಪಂತದಲ್ಲಿ ಈ ಊರ ಅಗಸೆ ಬಾಗಿಲಿನಿಂದ ಮುಂದಿನ ಊರಿನ ತನಕ ಇಂತಿಷ್ಟೇ ಎಸೆತಗಳಲ್ಲಿ ಮುಟ್ಟಬೇಕೆಂದು ಮೊದಲೇ ಮಾತಾಗುತ್ತದೆ. ಎಸೆದ ಹಣ್ಣು ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ಎಸೆತ. ಬರೀ ರಟ್ಟೆಯ ಬಲದಿಂದ ಗೆಲ್ಲುವ ಆಟವಲ್ಲ ಇದು. ಹಗುರವಾದ ಹಣ್ಣು ಗಾಳಿಗೆ ದಿಕ್ಕು ತಪ್ಪುತ್ತದೆ, ಮೊದಲಲ್ಲೇ ಭುಜದ ಶಕ್ತಿಯನ್ನೆಲ್ಲ ಸುರಿದವನಿಗೆ ಕೊನೆಯ ಎಸೆತಗಳು ಹತ್ತಿರದಲ್ಲೇ ಬೀಳುತ್ತವೆ. ಎಸೆಯುವವನ ಹಿಂದೆ ಊರಿನ ಅರ್ಧ ಜನ ನಡೆದು ಹೋಗುವುದರಿಂದ ನೋಡುಗರಿಗೂ ಮೈಲಿಗಟ್ಟಲೆ ನಡಿಗೆಯಾಗುತ್ತದೆ. ಕ್ವಿಂಟಲ್ ತೂಕದ ಜೋಳದ ಚೀಲ ಹೊತ್ತು ನಡೆಯುವುದು, ಕಣ್ಣು ಕಟ್ಟಿಕೊಂಡು ಗುರಿ ಮುಟ್ಟುವುದು ಮುಂತಾದವೂ ಇವೆ.

ಹನುಮಪ್ಪನ ಗುಡಿಯ ಪಕ್ಕದ ಗುಂಡುಕಲ್ಲಿಗೆ ಮಾತ್ರ ಹಬ್ಬವೇ ಬೇಕೆಂದಿಲ್ಲ, ಸಂಜೆ ಹೊತ್ತಿಗೆ ಯಾರಾದರೂ ಕೈ ಹಾಕುತ್ತಲೇ ಇರುತ್ತಿದ್ದರು. ಅದಕ್ಕೆ ಹಿಡಿಕೆಯಿಲ್ಲ, ಮೈಯೆಲ್ಲ ನುಣುಪು. ಕಾಲುಗಳ ನಡುವೆ ಉರುಳಿಸಿಕೊಂಡು, ಎರಡೂ ಕೈಯಿಂದ ತಬ್ಬಿ ತೊಡೆಗೆ ತಂದು, ಅಲ್ಲಿಂದ ಎದೆಗೆ ಏರಿಸಿ, ಭುಜದ ಮೇಲಿಂದ ಹಿಂದಕ್ಕೆ ಕೆಡವಿದಾಗ ನೆಲ ಅದುರುತ್ತದೆ. ಬಾಗಲಕೋಟೆ, ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಹಿಡಿಕೆಯುಳ್ಳ ಸಂಗ್ರಾಣಿ ಕಲ್ಲನ್ನೂ ಎತ್ತುತ್ತಾರೆ.

ಈಗ ಟ್ರ್ಯಾಕ್ಟರ್ ಬಂದಿದೆ, ಹೊಲಕ್ಕೆ ಬೈಕ್ ಹೋಗುತ್ತದೆ, ಬೀಸುವ ಕಲ್ಲು ಹಿತ್ತಿಲು ಸೇರಿದೆ. ಇವೆಲ್ಲ ಬಂದದ್ದು ಒಳ್ಳೆಯದೇ. ಮೂಳೆ ಸವೆಯುವ ದುಡಿಮೆಯನ್ನು ಹಳೆಯದೆಂಬ ಕಾರಣಕ್ಕೆ ಹೊಗಳುವವನು ನಾನಲ್ಲ. ಆದರೆ ಕಡಿಮೆಯಾದ ದುಡಿಮೆಯ ಜಾಗವನ್ನು ಆಟ ತುಂಬಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು; ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಇದನ್ನು ಹಳ್ಳಿಯವರಿಗೆ ಹೇಳುವಾಗ ಪಟ್ಟಣದ ಜಿಮ್ಮಿನ ಮಾತನ್ನೇ ಆಡುತ್ತೇವೆ. ಗುಂಡುಕಲ್ಲು ಇನ್ನೂ ಅಲ್ಲೇ ಬಿದ್ದಿದೆ, ಎತ್ತಲು ಬೇಕಾದದ್ದು ಸುತ್ತ ನಾಲ್ಕು ಮಾರು ಮೆತ್ತನೆಯ ನೆಲ. ಅನೇಕ ಕಡೆ ಆ ನೆಲಕ್ಕೂ ಕಾಂಕ್ರೀಟ್ ಬಿದ್ದಿದೆ.

ಜೋಕಾಲಿಗೆ ಆಗಿರುವ ನಷ್ಟ ಇನ್ನೂ ದೊಡ್ಡದು. ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ಹುಣಸೆ, ಬೇವು, ಆಲದ ಮರಗಳು ಉರುಳಿದವು. ಮನೆಯೊಳಗೆ ಕಟ್ಟೋಣವೆಂದರೆ ತೊಲೆ ಜಂತಿಯ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ಅಲ್ಲಿ ಸ್ಲ್ಯಾಬ್ ಹಾಕುವಾಗಲೇ ಕೊಂಡಿ ಬಿಡಿಸದಿದ್ದರೆ ಹಗ್ಗ ಕಟ್ಟಲು ಏನೂ ಇಲ್ಲ, ಬಿಡಿಸಿದ್ದರೂ ಅಷ್ಟು ತಗ್ಗಿನ ಚಾವಣಿಯ ಕೆಳಗೆ ನಿಂತು ಜೀಕುವಂತಿಲ್ಲ. ಹೆಣ್ಣುಮಕ್ಕಳಿಗೆ ಆಸಕ್ತಿ ಕುಗ್ಗಿದೆ, ಎಲ್ಲರೂ ಮೊಬೈಲ್ ಹಿಡಿದು ಕುಳಿತಿದ್ದಾರೆ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಒಂದು ಒಳ್ಳೆಯ ಮರ ಉಳಿದಿರುವ ಊರಲ್ಲಿ ಪಂಚಮಿಯ ದಿನ ಜೋಕಾಲಿಗೆ ಪಾಳಿ ಹಚ್ಚಿ ನಿಂತಿರುವುದನ್ನು ಈಗಲೂ ಕಾಣಬಹುದು.

ಗ್ರಾಮ ಪಂಚಾಯಿತಿಗಳು ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಶಾಲಾ ಮೈದಾನಗಳನ್ನು ಸಮತಟ್ಟು ಮಾಡಿಸುತ್ತಾ ಬಂದಿವೆ, ಅಂಚಿಗೆ ಸಸಿಗಳನ್ನೂ ನೆಡಿಸುತ್ತಾ ಬಂದಿವೆ. ಮೆಚ್ಚುವ ಕೆಲಸವಿದು. ನನ್ನ ಬೇಡಿಕೆಯೆಂದರೆ, ಬೇಗ ಬೆಳೆದು ಹೂ ಬಿಡುತ್ತದೆಂದು ಗುಲ್‌ಮೊಹರ್ ನೆಡುವುದನ್ನು ಬಿಡಬೇಕು. ಅದರ ಕಟ್ಟಿಗೆ ಪೆಡಸು, ಗಾಳಿಗೇ ಟೊಂಗೆ ಮುರಿದು ಬೀಳುತ್ತದೆ, ಭಾರ ಹೊರುವ ಮರವೇ ಅಲ್ಲ. ಹುಣಸೆ, ಬೇವು ಹಾಕಿಸಿದರೆ ಇಂದು ಅಂಗನವಾಡಿಗೆ ಹೋಗುವ ಹುಡುಗಿಯರು ತವರಿಗೆ ಬರುವ ಕಾಲಕ್ಕೆ ಟೊಂಗೆ ಬಲಿತಿರುತ್ತದೆ. ಗ್ರಾಮಸಭೆಯಲ್ಲಿ ಕ್ರಿಯಾ ಯೋಜನೆಯನ್ನು ಓದಿ ಹೇಳುವಾಗ ಯಾವ ಸಸಿ ತರಿಸುತ್ತಿದ್ದೀರಿ ಎಂದು ಕೇಳುವ ಹಕ್ಕು ಊರಿನ ಪ್ರತಿಯೊಬ್ಬ ಮತದಾರರಿಗೂ ಇದೆ, ಈ ಪ್ರಶ್ನೆಯನ್ನು ಹೆಣ್ಣುಮಕ್ಕಳೇ ಎದ್ದು ಕೇಳಿದರೆ ಇನ್ನೂ ಒಳ್ಳೆಯದು.