ಬೆಟ್ಟ ಬಿಟ್ಟು ಬೀದಿಗೆ ಬಂದ ದುಃಖ

ನಾನು ಇಂಗ್ಲಿಷ್ ಸಾಹಿತ್ಯ ಓದಿದೋಳು ಅಂತ ಗೊತ್ತಾದ್ರೆ ಸಾಕು, ಒಬ್ರಲ್ಲ ಒಬ್ರು ಇದನ್ನ ಕೇಳೇ ಕೇಳ್ತಾರೆ. ಪರೀಕ್ಷೆ ಹತ್ರ ಬಂದಾಗ ಅಕ್ಕನ ಮಗಳು ಕೇಳ್ತಾಳೆ, ಆಫೀಸಲ್ಲಿ ಜೊತೆಗೆ ಊಟಕ್ಕೆ ಕೂರೋರು ಕೇಳ್ತಾರೆ. 1800ರ ಆಸುಪಾಸಿನ ರೊಮ್ಯಾಂಟಿಕ್ ಕವಿಗಳೂ ಪ್ರೀತಿ, ಸಾವು, ಅಗಲಿಕೆ ಅಂತಾರೆ, ಆಮೇಲೆ ವಿಕ್ಟೋರಿಯಾ ರಾಣಿ ಕಾಲದಲ್ಲಿ ಬಂದ ವಿಕ್ಟೋರಿಯನ್ ಕವಿಗಳೂ ಅದನ್ನೇ ಅಂತಾರೆ, ಹಂಗಾದ್ರೆ ವ್ಯತ್ಯಾಸ ಏನು ಅಂತ. ಗೈಡಲ್ಲಿ ಒಂದು ಕಡೆ ಪ್ರಕೃತಿ, ಭಾವನೆ, ಇನ್ನೊಂದು ಕಡೆ ಸಂದೇಹ, ನೈತಿಕತೆ ಅಂತ ಟೇಬಲ್ ಹಾಕಿರ್ತಾರೆ, ಅದನ್ನ ಬರೆದ್ರೆ ಮಾರ್ಕ್ಸ್ ಬರುತ್ತೆ, ಆದ್ರೆ ಒಂದು ಕವಿತೆನೂ ಕೈಗೆ ಸಿಗಲ್ಲ. ನಾನು ಹೇಳೋದಿಷ್ಟು: ಸತ್ತವರು ಎಲ್ಲಿಗೆ ಹೋದ್ರು ಅಂತ ಆ ಕವಿತೆ ಹೇಳುತ್ತೆ, ಅದನ್ನ ಮೊದಲು ನೋಡಿ.

ರೊಮ್ಯಾಂಟಿಕ್ ಕವಿ ವರ್ಡ್ಸ್‌ವರ್ತ್ ಲೂಸಿ ಅನ್ನೋ ಹುಡುಗಿ ಬಗ್ಗೆ ಬರೆದ ಕವಿತೆಗಳಲ್ಲಿ ಎಂಟೇ ಸಾಲಿಂದು ಒಂದಿದೆ. 1798ರ ಕೊನೆಯ ಚಳಿಯಲ್ಲಿ, ತಂಗಿ ಡೊರೊತಿ ಜೊತೆ ಜರ್ಮನಿಯ ಗೊಸ್ಲಾರ್ ಅನ್ನೋ ಊರಲ್ಲಿದ್ದಾಗ ಬರೆದಿದ್ದು. ಮೊದಲ ನಾಲ್ಕು ಸಾಲಲ್ಲಿ ಅವಳಿಗೆ ವಯಸ್ಸೇ ಆಗಲ್ಲ ಅಂದ್ಕೊಂಡು ನಿದ್ದೆಯಲ್ಲಿದ್ದೋನ ಥರ ಇದ್ದೆ ಅಂತಾನೆ. ಮುಂದಿನ ನಾಲ್ಕು ಸಾಲಲ್ಲಿ ಅವಳಿಗೆ ಈಗ ಚಲನೆ ಇಲ್ಲ, ಶಕ್ತಿ ಇಲ್ಲ, ಕೇಳಲ್ಲ, ನೋಡಲ್ಲ, ಭೂಮಿ ದಿನಾ ಸುತ್ತೋ ಸುತ್ತಲ್ಲಿ ಕಲ್ಲು ಬಂಡೆ ಮರಗಳ ಜೊತೆ ಅವಳೂ ಸುತ್ತುತಾ ಇದಾಳೆ ಅಂತಾನೆ. ಸತ್ತಳು ಅನ್ನೋ ಮಾತೇ ಇಲ್ಲ! ಎರಡು ಪದ್ಯದ ಮಧ್ಯೆ ಬಿಟ್ಟಿರೋ ಖಾಲಿ ಜಾಗ ಇದೆಯಲ್ಲ, ಸಾವು ಆಗಿದ್ದು ಅಲ್ಲಿ. ಅವಳ ಹೆಸರೂ ಇಲ್ಲ, ಮನೆ ಇಲ್ಲ, ಅತ್ತವರು ಯಾರೂ ಇಲ್ಲ. ಹುಡುಗಿ ನೇರವಾಗಿ ಭೂಮಿಗೆ ಸೇರಿಬಿಟ್ಟಳು, ಅದು ಸಮಾಧಾನನೋ ಭಯನೋ ಅಂತ ನಂಗೆ ಇವತ್ತಿಗೂ ಒಂದೇ ಕಡೆ ನಿಲ್ಲೋಕೆ ಆಗಿಲ್ಲ.

ಇನ್ನೊಂದು ವಿಷಯ. 1799ರಲ್ಲಿ ವರ್ಡ್ಸ್‌ವರ್ತ್‌ನ ಗೆಳೆಯ, ಕವಿ ಕೋಲ್‌ರಿಜ್ ತನ್ನ ಪುಟ್ಟ ಮಗು ತೀರಿಕೊಂಡ ಸುದ್ದಿ ಬಂದ ಮೇಲೆ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಎಂಟು ಸಾಲನ್ನ ಎತ್ತಿ ಬರೀತಾನೆ, ಇದು ನಿಜವಾಗಿ ನಡೆದಿದ್ದೋ ಇಲ್ವೋ ಗೊತ್ತಿಲ್ಲ, ತಂಗಿ ಡೊರೊತಿ ಸತ್ತುಹೋದ್ರೆ ಹೇಗಿರುತ್ತೆ ಅಂತ ವರ್ಡ್ಸ್‌ವರ್ತ್ ಯಾವುದೋ ಮಂಕು ಗಳಿಗೆಯಲ್ಲಿ ಕಲ್ಪಿಸಿಕೊಂಡಿರಬಹುದು ಅಂತ. ಅಂದ್ರೆ ಇನ್ನೂ ಆಗದೇ ಇರೋ ಸಾವಿಗೆ ಬರೆದ ಕವಿತೆ. ಇನ್ನೊಬ್ಬ ರೊಮ್ಯಾಂಟಿಕ್ ಕವಿ ಕೀಟ್ಸ್‌ದೂ ಹಂಗೇ, ಕಳ್ಕೊಳ್ಳೋಕೆ ಮುಂಚೆನೇ ಕಳ್ಕೊಳ್ಳೋ ಭಯ, ನಕ್ಷತ್ರದ ಥರ ಕದಲದೆ ಪ್ರೀತಿಸಿದೋಳ ಉಸಿರಾಟ ಕೇಳ್ತಾ ಹಿಂಗೇ ಇದ್ದುಬಿಡಬೇಕು, ಇಲ್ಲಾ ಸಾಯಬೇಕು ಅಂತಾನೆ. 1821ರಲ್ಲಿ ರೋಮಿನಲ್ಲಿ 25ನೇ ವಯಸ್ಸಿಗೆ ಹೋದ, ಅವನು ಪ್ರೀತಿಸಿದ ಹುಡುಗಿ ಫ್ಯಾನಿ ಬರೆದ ಪತ್ರ ಒಡೆದು ಓದೋ ಧೈರ್ಯನೇ ಆಗದೆ ಇಟ್ಟಿದ್ದ, ಅವನ್ನ ಹಂಗೇ ಅವನ ಜೊತೆ ಮಣ್ಣು ಮಾಡಿದ್ರು. ಇದನ್ನ ಬರೆಯುವಾಗ್ಲೂ ಒಂದ್ಸಲ ಕೈ ನಿಲ್ಲುತ್ತೆ.

ನಮ್ಮ ಕನ್ನಡದವರಿಗೆ ಬಿ.ಎಂ.ಶ್ರೀ ಅವರ 1926ರ ‘ಇಂಗ್ಲಿಷ್ ಗೀತಗಳು’ ಇಂದಾಗಿ ರೊಮ್ಯಾಂಟಿಕ್ ಕವಿಗಳು ಮನೆಯವರ ಥರ ಆಗ್ಬಿಟ್ಟಿದ್ದಾರೆ, ವಿಕ್ಟೋರಿಯನ್ನರು ಅಷ್ಟು ಹತ್ರ ಬರ್ಲಿಲ್ಲ ಅನ್ಸುತ್ತೆ. ಅದಕ್ಕೇ ಅವರಲ್ಲಿ ದೊಡ್ಡ ಕವಿ ಟೆನಿಸನ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ.

1833ರ ಸೆಪ್ಟೆಂಬರಲ್ಲಿ ಆರ್ಥರ್ ಹ್ಯಾಲಮ್ ಅನ್ನೋ ಹುಡುಗ ವಿಯೆನ್ನಾದಲ್ಲಿ ಇದ್ದಕ್ಕಿದ್ದಂಗೆ ತೀರಿಕೊಂಡ, ಬರೀ 22 ವಯಸ್ಸು. ಟೆನಿಸನ್‌ಗೆ ಕೇಂಬ್ರಿಡ್ಜ್‌ನಿಂದ ಪ್ರಾಣದ ಗೆಳೆಯ, ತಂಗಿ ಎಮಿಲಿಗೆ ನಿಶ್ಚಯ ಆಗಿದ್ದೋನು. ಆ ಒಂದು ಸಾವನ್ನ ಟೆನಿಸನ್ ಬರೀತಾ ಬರೀತಾ ‘ಇನ್ ಮೆಮೋರಿಯಮ್’ ಅಂತ ಪುಸ್ತಕ ಆಗಿ ಹೊರಗೆ ಬರೋಷ್ಟರಲ್ಲಿ 1850 ಬಂತು, ಹದಿನೇಳು ವರ್ಷ, ಈಗ ನಮಗೆ ಸಿಗೋ ಅಚ್ಚಿನಲ್ಲಿ ಮುನ್ನುಡಿ ಮುಕ್ತಾಯ ಬಿಟ್ಟು 131 ಭಾಗ. ಅದರ ಏಳನೇ ಭಾಗ ಬರೀ ಹನ್ನೆರಡು ಸಾಲು. ಬೆಳಗಿನ ಜಾವ, ನಿದ್ದೆ ಬಂದಿಲ್ಲ, ಲಂಡನ್ನಿನ ವಿಂಪೋಲ್ ಸ್ಟ್ರೀಟಲ್ಲಿ ಹ್ಯಾಲಮ್ ಮನೆ ಇತ್ತಲ್ಲ, ಅದರ ಬಾಗಿಲಿಗೆ ಕಳ್ಳನ ಥರ ಬಂದು ನಿಂತಿದಾನೆ. ಒಂದು ಕಾಲದಲ್ಲಿ ಇದೇ ಬಾಗಿಲಲ್ಲಿ ಒಂದು ಕೈಗೋಸ್ಕರ ಕಾಯ್ತಾ ಎದೆ ಹೊಡ್ಕೊತಾ ಇತ್ತು, ಆ ಕೈ ಇನ್ನು ಹಿಡಿಯೋಕೆ ಸಿಗಲ್ಲ. ಒಳಗೆ ಅವನಿಲ್ಲ. ದೂರದಲ್ಲಿ ಊರಿನ ಗದ್ದಲ ಶುರುವಾಗುತ್ತೆ, ಜಿಟಿಜಿಟಿ ಮಳೆ, ಬೋಳು ಬೀದಿ ಮೇಲೆ ಏನೂ ಇಲ್ಲದ ಬೆಳಗು ಒಡೆಯುತ್ತೆ. ಕೊನೇ ಸಾಲನ್ನ ಇಂಗ್ಲಿಷಲ್ಲಿ ಜೋರಾಗಿ ಓದಿ ನೋಡಿ, ಬೋಳು, ಒಡೆಯೋದು, ಖಾಲಿ ಅನ್ನೋ ಅರ್ಥದ ಮೂರೂ ಪದ ಬಕಾರದಿಂದಲೇ ಶುರು, ತುಟಿ ಮೂರು ಸಲ ಮುಚ್ಚಿ ತೆರೆಯುತ್ತೆ, ಬಾಗಿಲು ಬಡಿದಂಗೆ.

ಬಂಡೆ ಇಲ್ಲ, ಮರ ಇಲ್ಲ. ಸತ್ತವನಿಗೆ ಹೋಗೋಕೆ ಬೆಟ್ಟನೇ ಉಳಿದಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಬೆಟ್ಟನೂ ಬದಲಾಗಿತ್ತು. 1830ರಿಂದ 33ರವರೆಗೆ ಲಯೆಲ್‌ನ ಭೂವಿಜ್ಞಾನದ ಸಂಪುಟಗಳು ಬಂದ್ವು, ಬಂಡೆ ಒಡೆದ್ರೆ ಒಳಗೆ ನಿರ್ನಾಮ ಆದ ಜೀವಿಗಳ ಪಳೆಯುಳಿಕೆ. ಡಾರ್ವಿನ್ ಪುಸ್ತಕ ಬರೋಕೆ ಒಂಬತ್ತು ವರ್ಷ ಮುಂಚೆನೇ ಟೆನಿಸನ್ ಪುಸ್ತಕದ 56ನೇ ಭಾಗದಲ್ಲಿ ಪ್ರಕೃತಿನೇ ಬಾಯಿಬಿಟ್ಟು, ಸಾವಿರ ಜಾತಿಗಳು ಹೋಗಿವೆ, ನಂಗೆ ಯಾರೂ ಲೆಕ್ಕಕ್ಕಿಲ್ಲ, ಎಲ್ಲಾ ಹೋಗುತ್ತೆ ಅನ್ನುತ್ತೆ. ಇಂಥ ಪ್ರಕೃತಿ ಮಡಿಲಲ್ಲಿ ಗೆಳೆಯನ್ನ ಹೆಂಗೆ ಮಲಗಿಸ್ತಾನೆ? ಅದಕ್ಕೇ ದುಃಖ ಬೀದಿಗೆ ಬಂತು, ಮನೆಗೆ ಬಂತು, ಕ್ಯಾಲೆಂಡರಿಗೂ ಬಂತು. ಆ ಪುಸ್ತಕದಲ್ಲಿ ಕ್ರಿಸ್ಮಸ್ ಮೂರು ಸಲ ಬರುತ್ತೆ, ಅವನಿಲ್ಲದ ಹಬ್ಬ. ವರ್ಷದ ಮೊದಲ ಯುಗಾದಿ ಹೆಂಗಿರುತ್ತೆ ಅಂತ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 119ನೇ ಭಾಗದಲ್ಲಿ ಮತ್ತೆ ಅದೇ ಬಾಗಿಲಿಗೆ ಬರ್ತಾನೆ, ಈ ಸಲ ಅಳ್ತಾ ಅಲ್ಲ, ಊರು ಮಲಗಿದೆ, ಹಕ್ಕಿ ಚಿಲಿಪಿಲಿ, ಬೀದಿಯಲ್ಲಿ ಹುಲ್ಲುಗಾವಲಿನ ವಾಸನೆ, ಮನಸ್ಸಲ್ಲೇ ಗೆಳೆಯನ ಕೈ ಹಿಡ್ಕೊತಾನೆ. ಏಳರಿಂದ 119, ಆ ದೂರ ನಡೆದೇ ಬರಬೇಕು, ಅದಕ್ಕೇ ಆಯ್ದ ಭಾಗ ಮಾತ್ರ ಓದಿಸೋದು ನಂಗೆ ಅನ್ಯಾಯ ಅನ್ಸುತ್ತೆ.

ಕವಿ, ಕಾದಂಬರಿಕಾರ ಥಾಮಸ್ ಹಾರ್ಡಿ ವಿಕ್ಟೋರಿಯನ್ನಾ ಅಂತ ಜಗಳ ಬೇಡ, ಹುಟ್ಟಿದ್ದು 1840ರಲ್ಲಿ. ಹೆಂಡತಿ ಎಮ್ಮಾ ಜೊತೆ ಎಷ್ಟೋ ವರ್ಷ ಮಾತು ಕಮ್ಮಿಯಾಗಿ ಒಂದೇ ಮನೆಯಲ್ಲಿ ದೂರ ಬದುಕಿದ್ದ, 1912ರ ನವೆಂಬರಲ್ಲಿ ಅವಳು ಹೋದ ಮೇಲೆ ಅವಳ ದನಿ ಕೇಳಿಸೋಕೆ ಶುರುವಾಯ್ತು. ‘ದಿ ವಾಯ್ಸ್’ ಅನ್ನೋ ಕವಿತೆಯಲ್ಲಿ, ಹಿಂದೆ ನಂಗೋಸ್ಕರ ಕಾಯ್ತಾ ನಿಂತಿರ್ತಿದ್ದಾಗಿನ ಥರ ಆಕಾಶನೀಲಿ ಗೌನಲ್ಲಿ ನಿನ್ನ ನೋಡ್ಬೇಕು ಅಂತಾನೆ. ಆ ಕವಿತೆ ಲಯವಾಗಿ ಹೋಗ್ತಾ ಹೋಗ್ತಾ ಕೊನೇ ಪದ್ಯದಲ್ಲಿ ಎಡವುತ್ತೆ, ಮುದುಕ ತಡವರಿಸಿಕೊಂಡು ನಡೆದಂಗೆ, ಸುತ್ತ ಎಲೆ ಉದುರ್ತಾ.

ಆದ್ರೆ ನನ್ನ ಉತ್ತರಕ್ಕೆ ಅಡ್ಡ ಬರೋ ಒಂದು ಕವಿತೆ ಇದೆ, ಅದೂ ವರ್ಡ್ಸ್‌ವರ್ತ್‌ದೇ. 1812ರಲ್ಲಿ ಅವನ ಮಗಳು ಕ್ಯಾಥರಿನ್ ಹೋದಳು, ನಾಲ್ಕು ವರ್ಷ ಕೂಡ ತುಂಬಿರಲಿಲ್ಲ. 1815ರಲ್ಲಿ ಅಚ್ಚಾದ ಹದಿನಾಲ್ಕು ಸಾಲಲ್ಲಿ, ಏನೋ ಖುಷಿಯಾಗಿ ಅದನ್ನ ಹಂಚ್ಕೊಳ್ಳೋಣ ಅಂತ ತಟ್ಟನೆ ಪಕ್ಕಕ್ಕೆ ತಿರುಗ್ತಾನೆ, ಯಾರ ಕಡೆಗೆ? ಗೋರಿಯಲ್ಲಿರೋ ಮಗಳ ಕಡೆಗೆ. ಒಂದು ಕ್ಷಣಕ್ಕಾದ್ರೂ ನಿನ್ನ ಹೆಂಗೆ ಮರೆತೆ ಅಂತ ತನ್ನನ್ನೇ ಕೇಳ್ಕೊತಾನೆ. ಲೂಸಿಗೆ ಕೊಟ್ಟ ಬಂಡೆ ಮರ ಯಾವುದೂ ಇಲ್ಲಿಲ್ಲ. ಕಲ್ಪಿಸಿಕೊಂಡ ಸಾವನ್ನ ಭೂಮಿಗೆ ಒಪ್ಪಿಸಿದೋನು, ಸ್ವಂತ ಮಗು ಹೋದಾಗ ಒಪ್ಪಿಸ್ಲಿಲ್ಲ.

ಅಪ್ಪ ಹೋಗಿ ಎಂಟು ತಿಂಗಳಾಗಿತ್ತು, ಮೈಸೂರಿನ ರೈಲು ಮದ್ದೂರು ಬಿಡೋ ಹೊತ್ತಿಗೆ ವಡೆಯೋನು ಬಂದ, ಅಪ್ಪಂಗೆ ಎರಡು ಕಟ್ಟಿಸ್ಕೊಳ್ಳೋಣ ಅಂತ ಪರ್ಸು ತೆಗೆದೆ. ಆಮೇಲೆ ಕಿಟಕಿ ಕಡೆ ನೋಡ್ತಾ ಕೂತೆ. ಮನೆಗೆ ಬಂದು ಆ ಹದಿನಾಲ್ಕು ಸಾಲನ್ನ ಅಕ್ಕನ ಮಗಳಿಗೆ ವಾಟ್ಸಾಪ್ ಮಾಡಿದೆ, ಸಿಲೆಬಸ್ಸಲ್ಲಿ ಇಲ್ದಿದ್ರೂ ಓದು ಅಂದೆ.