ಬಾಯ್ಲರ್ ಒಂದನ್ನು ಬಿಟ್ಟು

ಪುಣೆ ಪಕ್ಕದ ಚಿಂಚವಡದ ನಮ್ಮ ಮನೆಗೆ ಬಂದವರ ಕಣ್ಣು ಚಹಾ ಬರುವ ಮೊದಲೇ ಷೋಕೇಸಿನತ್ತ ಹೋಗುತ್ತದೆ. ಅಲ್ಲಿ ಒಂದು ಮೊಳ ಉದ್ದದ, ಹಸಿರು ಬಣ್ಣದ ಸ್ಟೀಮ್ ಟ್ರ್ಯಾಕ್ಷನ್ ಎಂಜಿನ್, ಅಂದರೆ ಹಳಿಯಿಲ್ಲದೆ ರಸ್ತೆ ಮೇಲೆ ಓಡುವ ಉಗಿ ಗಾಡಿಯ ಮಾದರಿ, ಕೂತಿದೆ. “ಖರೇನ ಓಡತದೇನ್ರಿ?” ಅನ್ನುವುದು ಮೊದಲ ಪ್ರಶ್ನೆ. ಓಡತದ. ಎರಡನೆಯದು ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿರುವ ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರದು: “ನಾನೂ ಒಂದು ಕಿಟ್ ತರಸ್ತೀನ್ರಿ. ಯಾವುದು ತರಸ್ಲಿ?”

ಯಾವುದಾದರೂ ತರಿಸು, ಬಾಯ್ಲರ್, ಅಂದರೆ ಉಗಿ ಏಳುವ ಹಂಡೆ, ಮಾತ್ರ ಮಾರುವವರೇ ಮಾಡಿ, ಪರೀಕ್ಷೆ ಮುಗಿಸಿ ಕಳಿಸಿದ್ದನ್ನೇ ತಗೋ. ಇಷ್ಟೇ ನನ್ನ ಉತ್ತರ. ಇಷ್ಟಕ್ಕೆ ಯಾರೂ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ‘ಕಿಟ್’ ಅನ್ನುವ ಮಾತನ್ನು ನಂಬಬೇಡಿ. ಇಂಗ್ಲೆಂಡಿನ ಮಾಮೋಡ್ ಕಂಪನಿಯ ಪುಟ್ಟ ಟ್ರ್ಯಾಕ್ಷನ್ ಎಂಜಿನ್ ಕಿಟ್ ಅಂದರೆ ಸ್ಕ್ರೂಡ್ರೈವರ್, ಸ್ಪ್ಯಾನರ್ ಸಾಕು, ಭಾನುವಾರ ಮಧ್ಯಾಹ್ನದೊಳಗೆ ಮುಗಿದೀತು. ಆದರೆ ಕ್ಯಾಟಲಾಗಿನಲ್ಲಿ ‘ಕಾಸ್ಟಿಂಗ್ ಸೆಟ್’ ಅಂತಿದ್ದರೆ ಬರುವುದು ಬೀಡು ಕಬ್ಬಿಣದ ಮತ್ತು ಗನ್‌ಮೆಟಲ್ ಎಂಬ ಕಂಚಿನ, ಎರಕ ಹೊಯ್ದ ಒರಟು ಗಡ್ಡೆಗಳು, ಜೊತೆಗೆ ಒಂದು ಡ್ರಾಯಿಂಗ್. ಚಕ್ರವೂ ಗಡ್ಡೆಯೇ, ಸಿಲಿಂಡರೂ ಗಡ್ಡೆಯೇ. ಲೋಹ ಕಡೆಯುವ ಲೇತ್ ಯಂತ್ರ ಇಲ್ಲದವನಿಗೆ ಅದು ಪೇಪರ್‌ವೇಟ್. ನಾನು ತರಿಸಿದ್ದು ಅದನ್ನೇ, 1 ಅಡಿಗೆ 1 ಇಂಚಿನ ಅಳತೆಯದು. ಕಸ್ಟಮ್ಸಿನ ಕಥೆ ಬೇಡ. ಸುಂಕ ಸಾಗಣೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ ಅಂದರೆ ಸಾಕು.

ಬೀಡಿನ ಮೇಲ್ಚರ್ಮ ಗಟ್ಟಿ. ಅಂಜಿ ಅಂಜಿ ತೆಳ್ಳಗೆ ಕಟ್ ಕೊಟ್ಟರೆ ಟೂಲ್ ಆ ಚರ್ಮದ ಮೇಲೇ ಉಜ್ಜಿ ಮೊಂಡಾಗುತ್ತದೆ. ಮೊದಲ ಕಟ್ಟೇ ಅದರ ಕೆಳಗಿಳಿಯಬೇಕು. ಗೆಳೆಯನ ವರ್ಕ್‌ಶಾಪಿನಲ್ಲಿ ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ನಾಲ್ಕು ಚಕ್ರ ಲೇತಿನಲ್ಲಿ ಕಡೆದೆ. ಮೂಗೊಳಗೆಲ್ಲ ಕಪ್ಪು ಪುಡಿ. ಮೂರನೆಯ ಚಕ್ರದಲ್ಲಿ ಕಟ್ ಒಳಗೆ ಹೋದಂತೆ ಕಡಲೆಕಾಳಿನಷ್ಟು ಗಾಳಿಗುಳಿ ಬಾಯಿಬಿಟ್ಟಿತು. ಮಾರಿದವರಿಗೆ ಫೋಟೊ ಕಳಿಸಿದೆ. ಬೇರೆ ಚಕ್ರ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಇನ್ನು ಸ್ಕ್ರೂ. ಬ್ರಿಟಿಷ್ ಮಾದರಿಗಳಲ್ಲಿ ಇವತ್ತಿಗೂ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅನ್ನುವ ಹಳೆಯ ಅಳತೆಯ ಥ್ರೆಡ್ ಬರುತ್ತದೆ. 2 ಬಿಎ ಅಂದರೆ 4.7 ಮಿ.ಮೀ. ವ್ಯಾಸ, 0.81 ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ. ನಮ್ಮ ಎಂ5 ಸ್ಕ್ರೂವಿನ ಪಿಚ್ 0.8. ನೋಡಲು ಅಣ್ಣತಮ್ಮ. ಒಂದು ಕಳೆದುಹೋಯಿತೆಂದು ಎಂ5 ಹಾಕಿದೆ. ಒಂದೂವರೆ ಸುತ್ತು ಹೋಗಿ ಕಚ್ಚಿಕೊಂಡಿತು. ಬಲ ಹಾಕಿದೆ. ಗನ್‌ಮೆಟಲಿನ ಥ್ರೆಡ್ಡೇ ಕಿತ್ತು ಬಂತು. ಕಿಟ್ ಜೊತೆಗೇ ಥ್ರೆಡ್ ಕೊರೆಯುವ ಬಿಎ ಟ್ಯಾಪ್, ಡೈ, ಎರಡು ಪಟ್ಟು ಸ್ಕ್ರೂ ತರಿಸಿಕೊಳ್ಳಿ.

ಇವೆಲ್ಲ ತಪ್ಪಿದರೆ ಹೋಗುವುದು ದುಡ್ಡು ಮಾತ್ರ. ಬಾಯ್ಲರ್ ಹಾಗಲ್ಲ. ಗೇಜಿನಲ್ಲಿ ಚದರ ಇಂಚಿಗೆ 80 ಪೌಂಡ್ ಒತ್ತಡ ತೋರಿಸುವಾಗ ಒಳಗಿನ ಉಗಿ ಸುಮಾರು 162 ಡಿಗ್ರಿ. ಎಲೆಕ್ಟ್ರಾನಿಕ್ಸಿನ ತವರ ಸೀಸದ ಬೆಸುಗೆ 183ಕ್ಕೇ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹಾಗಾಗಿ ತಾಮ್ರದ ಬಾಯ್ಲರಿಗೆ ಬೆಳ್ಳಿ ಬೆಸುಗೆಯೇ ಬೇಕು, ಅದಕ್ಕೆ 600 ಡಿಗ್ರಿಗೂ ಹೆಚ್ಚಿನ ಕಾವು. ತಾಮ್ರವೋ ಹಚ್ಚಿದ ಕಾವನ್ನೆಲ್ಲ ಆಚೆ ತುದಿಗೆ ಸಾಗಿಸಿಬಿಡುತ್ತದೆ. ಹೊರಗೆ ಬೆಸುಗೆ ಹೊಳೆಯುತ್ತದೆ, ಒಳಗೆ ಹರಿದೇ ಇರುವುದಿಲ್ಲ.

ಗೊತ್ತಿದ್ದೂ ಬಾಯ್ಲರನ್ನು ನಾನೇ ಮಾಡಿದೆ. ಬಾಯ್ಲರಿನಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟಿಗೆ, ಅಂದರೆ 160ಕ್ಕೆ, ಏರಿಸತೊಡಗಿದೆ. ನೀರು ಒತ್ತಿದರೂ ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ, ಆದ್ದರಿಂದ ಒಡೆದರೂ ತೊಟ್ಟಿಕ್ಕುತ್ತದೆ, ಸಿಡಿಯುವುದಿಲ್ಲ. ಗಾಳಿಯಿಂದ ಈ ಪರೀಕ್ಷೆ ಮಾಡುವವನ ಹತ್ತಿರ ನಿಲ್ಲಬೇಡಿ. 110ಕ್ಕೆ ಒಂದು ಸ್ಟೇ, ಅಂದರೆ ಒಳಗೋಡೆಗಳನ್ನು ಬಿಗಿಹಿಡಿಯುವ ಸರಳಿನ, ಬುಡದಲ್ಲಿ ಸಾಸಿವೆಯಷ್ಟು ಬೆವರು ಕಾಣಿಸಿತು. ಒರೆಸಿದೆ. ಮತ್ತೆ ಬಂತು. ಆ ಬಾಯ್ಲರ್ ಈಗ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಹೊತ್ತುಕೊಂಡಿದೆ. ಗಾಡಿಯಲ್ಲಿರುವುದು ಪರೀಕ್ಷೆಯ ಸರ್ಟಿಫಿಕೇಟ್ ಸಮೇತ ಕೊಂಡದ್ದು.

“ಲೈಸೆನ್ಸ್ ಬೇಕೇನ್ರಿ?” ಅಂತಲೂ ಕೇಳುತ್ತಾರೆ. ನಮ್ಮ ದೇಶದ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕದನ್ನು ಬಾಯ್ಲರ್ ಅಂತಲೇ ಎಣಿಸುವುದಿಲ್ಲ. ಇದರಲ್ಲಿ ಒಂದು ಲೀಟರೂ ಹಿಡಿಯುವುದಿಲ್ಲ. ಹುಡುಗರಿಗೆ ಇದು ಖುಷಿಯ ಸುದ್ದಿ. ಇನ್‌ಸ್ಪೆಕ್ಟರ್ ಬಂದು ನೋಡುವುದಿಲ್ಲವಲ್ಲ ಅನ್ನುವುದೇ ನನ್ನ ಚಿಂತೆ.

ಇಂಧನದ ಬಗ್ಗೆ ಒಂದು ಮಾತು: ಚಿಕ್ಕ ಕಿಟ್‌ಗಳಿಗೆ ಬೇಕಾದ ಹೆಕ್ಸಮೀನ್ ಬಿಳಿ ಬಿಲ್ಲೆಗಳು ಬೆಂಕಿ ಹತ್ತುವ ಸಾಮಾನು, ವಿಮಾನದ ಪಾರ್ಸಲಿನಲ್ಲಿ ಬರುವುದಿಲ್ಲ. ನನ್ನದಕ್ಕೆ ಕಲ್ಲಿದ್ದಲು, ಬೆರಳುಗುರಿನಷ್ಟು ಒಡೆದದ್ದು.

ಖಂಡೇನವಮಿಯ ದಿನ ಟೆರೇಸಿನಲ್ಲಿ ಕುಂಕುಮ ಹಚ್ಚಿ ಉಗಿ ಏರಿಸುತ್ತೇನೆ. ಸಿಲಿಂಡರ್ ತಣ್ಣಗಿರುವುದರಿಂದ ಮೊದಲು ಉಗಿ ನೀರಾಗಿ, ಚಿಮಣಿಯಿಂದ ಎಣ್ಣೆ ಬೆರೆತು ಉಗುಳುತ್ತದೆ. ಬಿಳಿ ಅಂಗಿಯವರು ದೂರ. ಫ್ಲೈವೀಲನ್ನು, ಅಂದರೆ ಎಂಜಿನ್ನಿನ ಓಟ ಹಿಡಿದಿಡುವ ಭಾರದ ಗಾಲಿಯನ್ನು, ಬೆರಳಿಂದ ನಾಲ್ಕಾರು ಸಲ ತಿರುವಬೇಕು. ಐದನೆಯದೋ ಆರನೆಯದೋ ಸಲ ಅದು ಬೆರಳಿನಿಂದ ಕಸಿದುಕೊಂಡಂತೆ ತಾನೇ ತಿರುಗತೊಡಗುತ್ತದೆ. ಕಳೆದ ಸಲ ಕೆಳಗಿನ ಮನೆಯ ಕಾಕೂ ಹೊಗೆ ಕಂಡು ಮೇಲೆ ಬಂದರು. ಬೈಯಲು ಬಂದವರು ಚಪ್ಪಲಿ ಬಿಟ್ಟು ಅಲ್ಲೇ ಕೂತು ನೋಡಿದರು. ಹೋಗುವಾಗ ಕೇಳಿದ್ದು, “ಹೇ ಕಿತೀಲಾ ಪಡ್ಲಂ?” ಎಷ್ಟು ಬಿತ್ತು ಅಂತ. ಹೆಂಡತಿ ಪಕ್ಕದಲ್ಲೇ ಇದ್ದಳು. ಕಲ್ಲಿದ್ದಲು ಹಾಕುವ ನೆಪದಲ್ಲಿ ಬಗ್ಗಿದೆ.